ವಿಜಯಪುರದ ಚಳಿಗಾಲಕ್ಕೆ ತೆಂಗಿನೆಣ್ಣೆ, ಯೂರಿಯಾ ಕ್ರೀಮು, ಪೆಟ್ರೋಲಿಯಂ ಜೆಲ್ಲಿ: ನಾನು ಬಳಸಿ ಕಂಡದ್ದು

ಕಳೆದ ಡಿಸೆಂಬರಿನಲ್ಲಿ ಸುಮಾರು 600 ರೂಪಾಯಿ ಕೊಟ್ಟು ತಂದ ಪರಿಮಳದ ಬಾಡಿ ಲೋಷನ್ ಹಚ್ಚಿಕೊಂಡ ಮೂರನೆಯ ದಿನಕ್ಕೇ ಮೊಣಕಾಲಿನ ಕೆಳಗೆಲ್ಲ ಕೆಂಪಾಗಿ, ರಾತ್ರಿ ನಿದ್ದೆಗೆಡುವಷ್ಟು ತುರಿಕೆ ಶುರುವಾಯಿತು. ಒಡೆದ ಚರ್ಮಕ್ಕೆ ಸುಗಂಧದ್ರವ್ಯ ತಾಗಬಾರದೆಂದು ಚರ್ಮರೋಗ ತಜ್ಞರು ತಿಳಿಸಿ ಹೇಳಿದ ಮೇಲೆ ಅದನ್ನು ಬಿಟ್ಟು, ತೆಂಗಿನೆಣ್ಣೆ, ಯೂರಿಯಾ ಕ್ರೀಮು, ಪೆಟ್ರೋಲಿಯಂ ಜೆಲ್ಲಿ ಈ ಮೂರನ್ನೂ ತಲಾ ಮೂರು ವಾರ ಬಳಸಿದೆ. ನನ್ನ ಕೈ ಹಿಡಿದದ್ದು ಇವುಗಳಲ್ಲಿ ಅಗ್ಗದ, ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿ.

ನನ್ನ ತವರು ಉಡುಪಿಯ ಕಡೆ. ಸ್ನಾನಕ್ಕೆ ಮೊದಲು ತೆಂಗಿನೆಣ್ಣೆ ತಿಕ್ಕಿಕೊಂಡರೆ ಅಲ್ಲಿ ಮತ್ತೇನೂ ಬೇಕಾಗುತ್ತಿರಲಿಲ್ಲ, ಏಕೆಂದರೆ ಗಾಳಿಯಲ್ಲೇ ತೇವವಿರುತ್ತದೆ. ಶಿಕ್ಷಕಿಯಾಗಿ ವಿಜಯಪುರಕ್ಕೆ ಬಂದ ಮೇಲೆ ನವೆಂಬರಿನಿಂದ ಫೆಬ್ರವರಿಯವರೆಗೆ ನನ್ನ ಕಣಕಾಲಿನ ಮೇಲೆ ಉಗುರಿನಿಂದ ಗೀಚಿದರೆ ಪಾಟಿಯ ಮೇಲೆ ಬಳಪ ಎಳೆದಂತೆ ಬಿಳಿ ಗೆರೆ ಮೂಡತೊಡಗಿತು. ಸಂಜೆ ಬಟ್ಟೆ ಬದಲಿಸುವಾಗ ಲಂಗದ ಅಂಚಿನಿಂದ ಹೊಟ್ಟು ಉದುರುತ್ತಿತ್ತು. ಚರ್ಮದ ಹೊರಪದರದ ಕೋಶಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳಿಂದಾದ ಜಿಡ್ಡು ಇರುತ್ತದೆ, ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುವುದೇ ಅದು. ಸುಡುವ ನೀರಿನಲ್ಲಿ ಬಹಳ ಹೊತ್ತು ಮೀಯುವುದು, ಮೈಯೆಲ್ಲ ಸೋಪು ಹಚ್ಚುವುದು, ಎರಡೂ ಆ ಜಿಡ್ಡನ್ನು ತೊಳೆದುಬಿಡುತ್ತವೆ. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10ರಷ್ಟು, ಅಂದರೆ ಕ್ಷಾರ; ಚರ್ಮದ್ದು 5ರ ಆಸುಪಾಸು, ಅಂದರೆ ತುಸು ಆಮ್ಲ. ಆದ್ದರಿಂದ ಮೂರು ಪ್ರಯೋಗಗಳ ಉದ್ದಕ್ಕೂ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ, ಕಂಕುಳು, ತೊಡೆಸಂದುಗಳಿಗಷ್ಟೇ ಸೋಪು ಬಳಸಿದೆ.

ತೆಂಗಿನೆಣ್ಣೆಯನ್ನು ನಾನು ತೆಗಳಲಾರೆ. ಸಾಧಾರಣ ಒಣಚರ್ಮಕ್ಕೆ ಅದು ಒಳ್ಳೆಯದೇ. ಆದರೆ ಇಲ್ಲಿ ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾಲು ಮತ್ತೆ ಬಿರುಸಾಗುತ್ತಿತ್ತು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಚಳಿಯ ಬೆಳಗಿನಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಕು, ಅಷ್ಟರಲ್ಲಿ ಮೈಯ ಹಸಿ ಆರಿಹೋಗಿರುತ್ತದೆ.

ಯೂರಿಯಾ ಎಂದೊಡನೆ ಗೊಬ್ಬರ ನೆನಪಾಗಿ ನಮ್ಮ ಅತ್ತೆಯವರು ಗಾಬರಿಯಾದರು. ಅದು ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಡುವ ವಸ್ತು. ಕ್ರೀಮಿನಲ್ಲಿ ಅದು ಸುಮಾರು 10 ಶೇಕಡಾ ಇದ್ದರೆ ಚರ್ಮವನ್ನು ಮೆತ್ತಗೆ ಮಾಡುತ್ತದೆ, 20 ದಾಟಿದರೆ ದಡ್ಡುಗಟ್ಟಿದ ಪದರವನ್ನೇ ಸಡಿಲಿಸುತ್ತದೆ. ನನ್ನ ಹಿಮ್ಮಡಿಯ ದಡ್ಡು ಎರಡು ವಾರದಲ್ಲಿ ಮೆತ್ತಗಾದದ್ದು ಇದರಿಂದಲೇ. ಆದರೆ ಬಿರುಕು ಬಿಟ್ಟ ಕಡೆ ತಾಗಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ, ಇಡೀ ಮೈಗೆ ಹಚ್ಚಲು ಕೊಳವೆಯೊಂದು ವಾರಕ್ಕೂ ಸಾಲದು.

ಇನ್ನು ಜೆಲ್ಲಿ. ಅದು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹೋಗಗೊಡುವುದಿಲ್ಲ. ಆವಿಯಾಗುವ ನೀರನ್ನು ಅದು 98 ಶೇಕಡಾದಷ್ಟು ತಡೆಯಬಲ್ಲದೆಂದೂ ಉಳಿದ ಎಣ್ಣೆಗಳು ತಡೆಯುವುದು 20ರಿಂದ 30 ಮಾತ್ರವೆಂದೂ ಚರ್ಮವೈದ್ಯರ ಬರಹಗಳಲ್ಲಿ ಓದಿದ್ದೆ. ನನ್ನ ಕಾಲಿನ ಮಟ್ಟಿಗೆ ಆ ಅಂತರ ನಾಲ್ಕನೆಯ ರಾತ್ರಿಯೇ ಕಂಡಿತು: ತುರಿಕೆಯಿಲ್ಲದೆ ಬೆಳಗಿನವರೆಗೆ ಮಲಗಿದೆ.

ಆದರೆ ಅದರ ಅಂಟಿನಿಂದ ನಾನು ಪಟ್ಟ ಪಾಡನ್ನು ಮುಚ್ಚಿಡಲಾರೆ. ಮೊದಲ ವಾರ ಬೆಳಿಗ್ಗೆ ಕೈಗೂ ಹಚ್ಚಿಕೊಂಡು ಶಾಲೆಗೆ ಹೋದೆ. ಹಲಗೆಯ ಮೇಲೆ ಬರೆಯುತ್ತಿದ್ದಂತೆ ಬಳಪದ ಪುಡಿ ಬೆರಳುಗಳಿಗೆ ಹಿಟ್ಟಿನಂತೆ ಮೆತ್ತಿಕೊಂಡಿತು. ಅದಕ್ಕಿಂತ ಬೇಸರವಾದದ್ದು ಪರೀಕ್ಷೆಯ ಉತ್ತರಪತ್ರಿಕೆಗಳ ವಿಷಯದಲ್ಲಿ. ಹಾಳೆ ತಿರುವಿದ ಮೂಲೆಯಲ್ಲೆಲ್ಲ ನನ್ನ ಹೆಬ್ಬೆರಳಿನ ಗುರುತು ಎಣ್ಣೆ ಕಾಗದದಂತೆ ಪಾರದರ್ಶಕವಾಗಿ ಉಳಿದು, ಒಬ್ಬ ಹುಡುಗಿಯ ಉತ್ತರದ ಎರಡು ಸಾಲು ಹಿಂಬದಿಯ ಅಕ್ಷರದೊಡನೆ ಕಲೆತುಹೋದವು. ಅವಳನ್ನು ಕರೆದು, ಆ ಸಾಲುಗಳನ್ನು ಓದಿಸಿಕೊಂಡು ಅಂಕ ಕೊಟ್ಟೆ.

ತಪ್ಪು ಜೆಲ್ಲಿಯದಾಗಿರಲಿಲ್ಲ, ಹಚ್ಚುವ ಕ್ರಮದ್ದಾಗಿತ್ತು. ಒಣಗಿದ ಮೈಗೆ ದಪ್ಪವಾಗಿ ಬಳಿಯುತ್ತಿದ್ದೆ. ಈಗ ಸ್ನಾನದ ನಂತರ ಟವೆಲ್ಲಿನಿಂದ ಮೆತ್ತಗೆ ಒತ್ತಿ, ಇನ್ನೂ ಹಸಿಯಿರುವಾಗಲೇ, ಅಂದರೆ ಎರಡು ಮೂರು ನಿಮಿಷದೊಳಗೆ, ಒಂದು ಕಾಲಿಗೆ ಎರಡು ಕಡಲೆಕಾಳಿನಷ್ಟನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ತೆಳುವಾಗಿ ಎಳೆಯುತ್ತೇನೆ; ಕಾಲು ಗಂಟೆಯಲ್ಲಿ ಅಂಟು ಹೋಗುತ್ತದೆ. ಕೈಗೆ ಮಲಗುವಾಗ ಮಾತ್ರ ಹಚ್ಚಿ, ಹಳೆಯ ಹತ್ತಿಯ ಕಾಲುಚೀಲವನ್ನೇ ಕೈಚೀಲದಂತೆ ಕೈಗೆ ತೊಟ್ಟುಕೊಳ್ಳುತ್ತೇನೆ. ಜಿಡ್ಡು ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದರಿಂದ ಆ ಚೀಲ ತೊಟ್ಟು ಒಲೆಯ ಬಳಿ ಸುಳಿಯಬಾರದು.

ಚಳಿಗಾಲವಿಡೀ ದಿನಕ್ಕೆ ಎರಡು ಬಾರಿ ಹಚ್ಚಬೇಕಾದವಳಿಗೆ ದುಬಾರಿ ಕ್ರೀಮು ಎಟುಕುವುದಿಲ್ಲ, ಉಳಿಸಿ ಉಳಿಸಿ ಹಚ್ಚಿದರೆ ಫಲವೂ ಇಲ್ಲ. ಹೀಗಾಗಿ ನನ್ನ ಸ್ನಾನದ ಮನೆಯಲ್ಲಿ ಜೆಲ್ಲಿಯ ದೊಡ್ಡ ಡಬ್ಬಿ ಮೈಗೆ, ಯೂರಿಯಾದ ಒಂದು ಕೊಳವೆ ಬಿರುಕಿಲ್ಲದ ಹಿಮ್ಮಡಿಗೆ. ಅಂಟನ್ನು ಒಂದಿಷ್ಟೂ ಸಹಿಸದ ನನ್ನ ಯಜಮಾನರು ಕಾಲಿಗೂ ಯೂರಿಯಾವನ್ನೇ ಹಚ್ಚುತ್ತಾರೆ, ಅವರಿಗೆ ಅದು ಸಾಕು. ಸಕ್ಕರೆ ಕಾಯಿಲೆಯಿರುವ ಅತ್ತೆಯವರ ಪಾದದಲ್ಲಿ ರಕ್ತ ಜಿನುಗುವ ಬಿರುಕು ಕಂಡಾಗ ಮಾತ್ರ ನಾವು ಈ ಯಾವುದನ್ನೂ ಮುಟ್ಟದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ದೆವು.