ಒಂದು ಮರ, ಮೂರು ಅಳತೆ: ಟೇಪು, ಸಂವೇದಕ, ಉಕ್ಕಿನ ಪಟ್ಟಿ

ಈ ಮರ ಎಷ್ಟು ದಪ್ಪವಾಯಿತು? ಇಷ್ಟೇ ಪ್ರಶ್ನೆ. ಎರಡು ವರ್ಷ ಒಂದೇ ಕಾಂಡಕ್ಕೆ ಮೂರು ಸಾಧನಗಳನ್ನು ಹಚ್ಚಿ ನೋಡಿದೆ. ಮೂರೂ ಬೇರೆ ಬೇರೆ ಉತ್ತರ ಕೊಟ್ಟವು.

ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಅಳೆಯುವುದು ಹಳೆಯ ರೂಢಿ. ಒಂದೇ ಗಂಟೆಯಲ್ಲಿ ಐದು ಸಲ ಸುತ್ತಿದಾಗ ನನ್ನ ಅಂಕಿಗಳಲ್ಲಿ 3 ಮಿಲಿಮೀಟರ್‌ವರೆಗೆ ವ್ಯತ್ಯಾಸ ಬಂತು. ಕಾಂಡದ ಮೇಲೆ ಬಣ್ಣದ ಗೆರೆ ಎಳೆದುಕೊಂಡ ಮೇಲೆ ಅದು 1 ಮಿಲಿಮೀಟರಿಗೆ ಇಳಿಯಿತು. ವರ್ಷಕ್ಕೊಮ್ಮೆ ಅಳೆಯುವವರಿಗೆ ಇದು ಸಾಕು, ತಿಂಗಳ ಲೆಕ್ಕಕ್ಕೆ ಸಾಲದು.

ಎಲೆಕ್ಟ್ರಾನಿಕ್ ಸಂವೇದಕದ ಚೌಕಟ್ಟನ್ನು ಕಾಂಡದೊಳಕ್ಕೆ ನೆಟ್ಟ ಸರಳುಗಳು ಹಿಡಿದಿರುತ್ತವೆ; ಅದರ ಮೊನೆ ತೊಗಟೆಯನ್ನು ತಾಗಿಕೊಂಡು 15 ನಿಮಿಷಕ್ಕೊಮ್ಮೆ ಮೈಕ್ರೋಮೀಟರ್ ಲೆಕ್ಕದಲ್ಲಿ ಅಂಕಿ ದಾಖಲಿಸುತ್ತದೆ. ಮೊದಲ ವಾರದ ರೇಖೆಯನ್ನು ನೋಡಿ ಬೆರಗಾದೆ. ಬಿಸಿಲೇರಿದಂತೆ ಎಲೆಗಳು ಬಿಡುವಷ್ಟು ನೀರನ್ನು ಬೇರುಗಳು ಒದಗಿಸಲಾರವು, ಕಾಂಡ ಕುಗ್ಗುತ್ತದೆ. ರಾತ್ರಿ ನೀರು ತುಂಬಿಕೊಂಡು ಬೆಳಗಿನ ಜಾವಕ್ಕೆ ಮತ್ತೆ ಹಿಗ್ಗುತ್ತದೆ. ಒಣಹವೆಯ ನಂತರ ಮಳೆ ಸುರಿದ ರಾತ್ರಿ ರೇಖೆ ಒಮ್ಮೆಲೇ ಜಿಗಿಯಿತು. ಅದು ಹೊಸ ಮರವಲ್ಲ, ಬರೀ ನೀರು. ಹಾಗೆಂದ ಮೇಲೆ ನಾನು ಟೇಪು ಹಿಡಿದು ಒಮ್ಮೆ ಮುಂಜಾನೆ, ಒಮ್ಮೆ ಮಧ್ಯಾಹ್ನ ಅಳೆದು ಬರೆದಿಟ್ಟಿದ್ದ ಹಳೆಯ ಅಂಕಿಗಳಿಗೆ ಏನು ಬೆಲೆ? ಇಷ್ಟು ಕಲಿಸಿದ ಸಾಧನವೇ ಆದರೂ, ಬ್ಯಾಟರಿ ಬರಿದಾದಾಗಲೆಲ್ಲ ಸರಣಿಯಲ್ಲಿ ಕಂದಕ ಬಿತ್ತು.

ನನ್ನ ಮತ ಸ್ಪ್ರಿಂಗ್ ಬಿಗಿದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗೆ. ಮರ ಬೆಳೆದಂತೆ ಪಟ್ಟಿಯ ಮೇಲಿನ ಕಿಂಡಿ ಸರಿಯುತ್ತದೆ, ಅದನ್ನು ಕ್ಯಾಲಿಪರ್‌ನಿಂದ ಅಳೆಯಬೇಕು. ವಿದ್ಯುತ್ತಿನ ಹಂಗಿಲ್ಲ. ಆದರೆ ಕಟ್ಟಿದ ಮೊದಲ ಕೆಲವು ತಿಂಗಳು ಪಟ್ಟಿ ತೊಗಟೆಯ ಏರುತಗ್ಗುಗಳಿಗೆ ಕೂರುವುದರಲ್ಲೇ ಕಳೆಯುತ್ತದೆ, ಬೆಳವಣಿಗೆ ಕಡಿಮೆ ಕಾಣುತ್ತದೆ. ಆ ಅಂಕಿಗಳನ್ನು ನಾನು ಕೈಬಿಟ್ಟೆ. ಇನ್ನೊಂದು ತೊಡಕು ಉಕ್ಕಿನದೇ: ಒಂದು ಮೀಟರ್ ಉದ್ದದ ಪಟ್ಟಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 0.16 ಮಿಲಿಮೀಟರ್ ಹಿಗ್ಗುತ್ತದೆ. ಶಾಖಕ್ಕೆ ಅತಿ ಕಡಿಮೆ ಹಿಗ್ಗುವ ಇನ್ವಾರ್ ಎಂಬ ಕಬ್ಬಿಣ-ನಿಕಲ್ ಮಿಶ್ರಲೋಹವನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದದ್ದು ಏಕೆಂದು ಆಗ ಮನಸ್ಸಿಗೆ ನಾಟಿತು.

ಪಕ್ಕದಲ್ಲೇ ಒಣಗಿ ನಿಂತಿದ್ದ ಮರಕ್ಕೂ ಇಂಥದೇ ಪಟ್ಟಿ ಕಟ್ಟಿದೆ. ಮಳೆಗಾಲದಲ್ಲಿ ಸತ್ತ ಮರವೂ 'ಬೆಳೆಯಿತು'! ತೇವಕ್ಕೆ ಹಿಗ್ಗುವುದೆಷ್ಟು ಎಂಬ ಅಂದಾಜು ಸಿಕ್ಕಿದ್ದು ಅಲ್ಲಿಂದಲೇ. ಈಗ ಪ್ರತಿ ಸಲವೂ ಸೂರ್ಯ ಹುಟ್ಟುವ ಮೊದಲೇ ಎರಡೂ ಮರಗಳ ಅಂಕಿ ಬರೆದುಕೊಳ್ಳುತ್ತೇನೆ.

ಪಟ್ಟಿ ಕಟ್ಟುವ ದಿನ ಟೇಪಿನಿಂದಲೂ ಒಮ್ಮೆ ಅಳೆದಿಡಿ. ಎರಡನೆಯ ವರ್ಷ ನನ್ನ ಸ್ಪ್ರಿಂಗ್ ತುಂಡಾದಾಗ, ಹಳೆಯ ಸರಣಿಗೆ ಹೊಸದನ್ನು ಜೋಡಿಸಲು ನನ್ನ ಬಳಿ ಇದ್ದದ್ದು ಆ ಒಂದು ಅಂಕಿ ಮತ್ತು ಕಾಂಡದ ಮೇಲಿನ ಬಣ್ಣದ ಗೆರೆ.