ಬೆಂಗಳೂರಿನ ಕಾವೇರಿ ನೀರು: ದರಕ್ಕೆ ಐದರಲ್ಲಿ ನಾಲ್ಕು ಅಂಕ, ದರ ನಿಗದಿಯಾದ ರೀತಿಗೆ ಎರಡು

2025ರ ಏಪ್ರಿಲ್‌ನಲ್ಲಿ ಜಲಮಂಡಳಿ ನೀರಿನ ದರ ಏರಿಸಿದಾಗ ನಮ್ಮ ಬೀದಿಯಲ್ಲಿ ಬೈದವರೇ ಹೆಚ್ಚು. ನಾನು ಹಳೆಯ ಬಿಲ್ಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದೆ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಸುಮಾರು 15,000 ಲೀಟರ್ ಬೇಕು. ಮೊದಲ 8,000 ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿ ಇದ್ದದ್ದು ಆಗ 8.50 ಆಯಿತು, ಮುಂದಿನ ಹಂತದಲ್ಲಿ 11 ಇದ್ದದ್ದು 15. ನೀರಿನ ಬಾಬ್ತು 133ರಿಂದ 173 ರೂಪಾಯಿಗೆ ಏರಿತು. ಒಳಚರಂಡಿ ಮತ್ತಿತರ ಶುಲ್ಕ ಬೇರೆ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರುವ ನೀರಿಗೆ ಇದು ಖಂಡಿತ ದುಬಾರಿಯಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಸುರಿದವರನ್ನು ಕೇಳಿ ನೋಡಿ!

ನನ್ನ ತಕರಾರು ದರ ನಿಗದಿಯಾದ ರೀತಿಯ ಬಗ್ಗೆ. ಹನ್ನೊಂದು ವರ್ಷ ಕೈಕಟ್ಟಿ ಕುಳಿತು ಒಮ್ಮೆಲೇ ಏರಿಸಿದ್ದು, ಜೊತೆಗೆ ಇನ್ನು ಪ್ರತಿ ಏಪ್ರಿಲ್‌ಗೆ ಶೇ. 3ರ ಏರಿಕೆ. ವಿದ್ಯುತ್ ದರಕ್ಕಾದರೆ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಇದೆ. ಬೆಸ್ಕಾಂ ಅರ್ಜಿ ಹಾಕಬೇಕು, ಲೆಕ್ಕ ಒಪ್ಪಿಸಬೇಕು, ವಿಚಾರಣೆಯಲ್ಲಿ ನನ್ನಂಥವರೂ ಎದ್ದು ನಿಂತು ಆಕ್ಷೇಪಿಸಬಹುದು. ನೀರಿಗೆ ಅಂಥ ಸ್ವತಂತ್ರ ಆಯೋಗವಿಲ್ಲ. ಮಂಡಳಿ ನಿರ್ಧರಿಸುತ್ತದೆ, ಸರ್ಕಾರ ಒಪ್ಪುತ್ತದೆ, ನಮಗೆ ಪತ್ರಿಕೆಯಲ್ಲಿ ಸುದ್ದಿ ಸಿಗುತ್ತದೆ.

ಮುಂದಿನ ಏರಿಕೆಗೆ ಮೊದಲು ಪಂಪಿಂಗ್‌ನ ವಿದ್ಯುತ್ ವೆಚ್ಚವೆಷ್ಟು, ಸೋರಿ ಹೋಗುವ ನೀರೆಷ್ಟು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಾದರೂ ಅಚ್ಚು ಹಾಕಲಿ.