ರೋಮನ್ ಕಾಲದ ಮಣ್ಣು ಅಗೆಯಲು ಎಲ್ಲಿಗೆ ಹೋಗಬೇಕು: ವಿಂಡೊಲಾಂಡಾ, ಸನಿಸೆರಾ

ಬೇಸಿಗೆಯಲ್ಲಿ ಒಂದಷ್ಟು ದಿನ ರೋಮನ್ನರ ಜಾಗದಲ್ಲಿ ಅಗೆತದ ಕೆಲಸ ಕಲಿಯಬೇಕು ಅನ್ನುವವರಿಗೆ ಯುರೋಪಿನಲ್ಲಿ ದಾರಿ ಬೇಕಾದಷ್ಟಿವೆ. ನಾನು ಮಣ್ಣು ಮೆತ್ತಿಕೊಂಡು ನೋಡಿದ್ದು ಎರಡು. ಒಂದು ಇಂಗ್ಲೆಂಡಿನ ಉತ್ತರದಲ್ಲಿ, ರೋಮ್ ಚಕ್ರವರ್ತಿ ಹೇಡ್ರಿಯನ್ ಗಡಿಯಲ್ಲಿ ಕಟ್ಟಿಸಿದ ಗೋಡೆಯ ಹತ್ತಿರದ ವಿಂಡೊಲಾಂಡಾ. ಇನ್ನೊಂದು ಸ್ಪೇನಿನ ಮೆನೋರ್ಕಾ ದ್ವೀಪದ ಸನಿಸೆರಾ. ಎರಡೂ ಕಡೆ ರೋಮನ್ ಸೈನಿಕರು ಬೀಡು ಬಿಟ್ಟಿದ್ದರು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ.

ವಿಂಡೊಲಾಂಡಾದ ಹೆಚ್ಚುಗಾರಿಕೆ ಇರುವುದು ಅದರ ಮಣ್ಣಿನಲ್ಲೇ. ಇಲ್ಲಿ ಮೊದಲ ಕೋಟೆ ಎದ್ದದ್ದು ಕ್ರಿ.ಶ. 85ರ ಸುಮಾರಿಗೆ. ಗೋಡೆಯ ಕೆಲಸ ಶುರುವಾದದ್ದು ಆಮೇಲೆ, 122ರಲ್ಲಿ. ಮೊದಮೊದಲ ಕೋಟೆಗಳೆಲ್ಲ ಮರದವು. ಹಳೆಯದನ್ನು ಕೆಡವಿ, ಮೇಲೆ ಜೇಡಿಮಣ್ಣು, ಹುಲ್ಲುಹೆಂಟೆ ಹಾಸಿ ಹೊಸದನ್ನು ಕಟ್ಟುತ್ತಿದ್ದರು. ಅದರಡಿ ಸಿಕ್ಕಿಕೊಂಡದ್ದಕ್ಕೆ ಗಾಳಿ ತಾಕಲೇ ಇಲ್ಲ. ಹಾಗಾಗಿ ಬೇರೆ ಕಡೆ ಕೊಳೆತು ಹೋಗುವ ಚರ್ಮ, ಮರ, ಬಟ್ಟೆ ಎಲ್ಲ ಇಲ್ಲಿ ಉಳಿದಿವೆ. ಆ ಕಪ್ಪು ಮಣ್ಣಿಗೆ ಹೂಳೆತ್ತುವಾಗಿನ ಕೆರೆಯ ವಾಸನೆ. ಒಮ್ಮೆ ಕರಣೆಯಿಂದ ಹೆಂಟೆಯೊಂದನ್ನು ಎಬ್ಬಿಸಿದರೆ ಕೆಳಗೆ ಚಪ್ಪಲಿಯ ಅಟ್ಟೆ! ಮೊಳೆಗಳ ಸಾಲು ಹಾಗೇ ಇತ್ತು. ಅಳತೆ ನೋಡಿದರೆ ಚಿಕ್ಕ ಮಗುವಿನದು. ಪಕ್ಕದ ಮೂಳೆ ಚೂರಿನ ಮೇಲೆ ಬಿಳಿಚಿದ್ದ ಪುಡಿ ಗಾಳಿಗೆ ಬಿದ್ದ ಮೇಲೆ ನೀಲಿ ಬಣ್ಣಕ್ಕೆ ತಿರುಗಿತು. ಅದು ವಿವಿಯನೈಟ್, ಕಬ್ಬಿಣ ಮತ್ತು ಫಾಸ್ಫೇಟ್ ಸೇರಿ ಆಗುವ ಖನಿಜ. ಕೋಟೆ ಅಂದರೆ ಬರೀ ಗಂಡಸರು, ಕತ್ತಿ, ಗುರಾಣಿ ಅಂದುಕೊಂಡವರು ಆ ಅಟ್ಟೆಯನ್ನು ನೋಡಬೇಕು.

1973ರಲ್ಲಿ ಮೊದಲು ಸಿಕ್ಕ, ಶಾಯಿಯಲ್ಲಿ ಬರೆದ ತೆಳು ಮರದ ಓಲೆಗಳು ಉಳಿದಿರುವುದೂ ಇದೇ ಮಣ್ಣಿನಿಂದ. ಕ್ಲೌಡಿಯಾ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಬಾ ಅಂತ ಗೆಳತಿ ಲೆಪಿಡಿನಾಗೆ ಬರೆದ ಓಲೆ ಅದರಲ್ಲಿದೆ. ಇನ್ನೊಂದರಲ್ಲಿ ಯಾರಿಗೋ ಕಾಲುಚೀಲ, ಒಳಚಡ್ಡಿ ಕಳಿಸಿದ ಸುದ್ದಿ.

ಆದರೆ ಒಂದು ಮಾತು. ಇದು ಸ್ಕೂಲ್ ಅಲ್ಲ. ಇಲ್ಲಿ ನೀವು ಶುಲ್ಕ ಕಟ್ಟಿ ದುಡಿಯುವ ಸ್ವಯಂಸೇವಕರು. ಕರಣೆ ಹಿಡಿಯುವುದನ್ನು ಹೇಳಿಕೊಡುತ್ತಾರೆ, ಸಿಕ್ಕಿದ್ದು ಏನು ಅಂತ ಪ್ರೀತಿಯಿಂದ ವಿವರಿಸುತ್ತಾರೆ. ಪಾಠ, ಪರೀಕ್ಷೆ ಇಲ್ಲ. ನನ್ನ ಹೆಚ್ಚಿನ ಹೊತ್ತು ಅಗೆಯುವುದರಲ್ಲಿ, ಬಕೆಟ್ ತುಂಬುವುದರಲ್ಲಿ, ತಳ್ಳುಗಾಡಿ ನೂಕುವುದರಲ್ಲಿ ಹೋಯಿತು. ಬೇಲಿಯಾಚೆ ನಿಂತ ಪ್ರವಾಸಿಗರು "ಏನಾದ್ರೂ ಸಿಕ್ತಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಉತ್ತರ ಹೇಳುವುದು ನನಗೆ ಖುಷಿ ಕೊಟ್ಟ ಕೆಲಸ. ಮಳೆಯಂತೂ ಜೂನ್, ಜುಲೈ ಅಂತ ನೋಡುವುದಿಲ್ಲ.

ಸನಿಸೆರಾದಲ್ಲಿ ಎಲ್ಲವೂ ಉಲ್ಟಾ. ಕ್ರಿ.ಪೂ. 123ರಲ್ಲಿ ರೋಮನ್ ಸೇನಾನಿ ಮೆಟೆಲ್ಲಸ್ ಮೆನೋರ್ಕಾ ಸೇರಿದ ಬಾಲಿಯಾರಿಕ್ ದ್ವೀಪಗಳನ್ನು ಗೆದ್ದ. ಆಮೇಲೆ ಸನಿಟ್ಜಾ ಎಂಬ ಪುಟ್ಟ ಬಂದರಿನ ಬಳಿ ಸೈನಿಕ ನೆಲೆ, ಅದರ ಹಿಂದೆಯೇ ಊರು ಬೆಳೆದವು. ಕವಣೆ ಬೀಸುವುದರಲ್ಲಿ ಆ ಕಾಲದ ದ್ವೀಪದವರು ಹೆಸರುವಾಸಿ. ಸೀಸದ ಕವಣೆ ಗುಂಡುಗಳು ಇಲ್ಲಿ ಸಿಕ್ಕಿವೆ. ಒಣ ನೆಲ, ಸುಣ್ಣಕಲ್ಲು, ನೆತ್ತಿ ಸುಡುವ ಬಿಸಿಲು. ಉತ್ತರದಿಂದ ತ್ರಮುಂತಾನಾ ಗಾಳಿ ಎದ್ದರೆ ಕಣ್ಣ ತುಂಬಾ ಧೂಳು. ಚರ್ಮ, ಬಟ್ಟೆಯ ಆಸೆ ಬಿಡಬೇಕು. ಸಿಗುವುದು ಮಡಕೆ ಚೂರು, ಮೂಳೆ.

ಆದರೆ ಕಲಿಸುವುದು ಅಂದರೆ ಇದಪ್ಪಾ ಅನ್ನಿಸಿತು. ರೋಮನ್ ಕಾಲದ ಕೊನೆಯ ಭಾಗದ ಸಮಾಧಿಗಳಲ್ಲಿ ಕೆಲಸ. ಬ್ರಷ್ಷು, ಮರದ ಕಡ್ಡಿ ಹಿಡಿದು ಇಡೀ ಬೆಳಗ್ಗೆ ಅಂಗೈ ಅಗಲದ ಜಾಗ ಬಿಡಿಸಬೇಕು. ಒಂದು ಗುಂಡಿ ಇನ್ನೊಂದನ್ನು ಕತ್ತರಿಸಿ ಹೋಗಿತ್ತು. ಯಾವುದು ಮೊದಲು ತೋಡಿದ್ದು ಅಂತ ಮಣ್ಣಿನ ಬಣ್ಣ ನೋಡಿ ನಾವೇ ಹೇಳಬೇಕಿತ್ತು. ಉತ್ತರ ಬರುವ ತನಕ ಮೇಲ್ವಿಚಾರಕರು ಬಾಯಿ ಬಿಡಲಿಲ್ಲ. ಅಳತೆ, ನಕ್ಷೆ, ಯಾವ ಮಣ್ಣಿನ ಪದರದಲ್ಲಿ ಏನು ಸಿಕ್ಕಿತು ಅಂತ ಬರೆದಿಡುವ ಪದರದ ಚೀಟಿ ಎಲ್ಲ ನಮ್ಮದೇ ಕೈಬರಹ. ಮಧ್ಯಾಹ್ನ ಚೂರು ತೊಳೆಯುವುದು, ಹಲ್ಲು ನೋಡಿ ವಯಸ್ಸು, ಸೊಂಟದ ಮೂಳೆ ನೋಡಿ ಗಂಡೋ ಹೆಣ್ಣೋ ಅಂತ ಅಂದಾಜು ಮಾಡುವುದು.

ಈ ಪದರದ ಚೀಟಿಯ ಬೆಲೆ ಚಿತ್ರದುರ್ಗದ ಕಡೆಯವರಿಗೆ ಗೊತ್ತಿರಬೇಕು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಅದು ಯಾವ ಪದರದ್ದು ಅಂತ ಗುರುತಿಸಿದ್ದರಿಂದಲೇ ಜೊತೆಗೆ ಸಿಕ್ಕ ಮಡಕೆಗಳ ಕಾಲ ಹೇಳಲು ಆಯಿತು. ನಾಣ್ಯವನ್ನು ಸುಮ್ನೆ ಎತ್ತಿ ಜೇಬಿಗೆ ಹಾಕಿಕೊಂಡಿದ್ದರೆ ಅದು ಬರೀ ಬೆಳ್ಳಿ, ಅಲ್ವಾ?

ಖರ್ಚು ಸನಿಸೆರಾದಲ್ಲೇ ಜಾಸ್ತಿ, ಆದರೆ ವಸತಿಯೂ ಅದರಲ್ಲೇ ಬರುತ್ತದೆ. ವಿಂಡೊಲಾಂಡಾದಲ್ಲಿ ಶುಲ್ಕ ಕಡಿಮೆ, ಉಳಿಯುವ ಜಾಗ ನಾವೇ ನೋಡಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಎರಡೂ ಕಡೆ ಬ್ರೆಡ್ಡು, ಚೀಸೇ ಗತಿ. ಮೆನೋರ್ಕಾದ ಮಹೋನ್ ಚೀಸ್ ಮಾತ್ರ ಬಲು ರುಚಿ.

ಪುರಾತತ್ವ ಓದುತ್ತಿರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಸನಿಸೆರಾ. ವಿಂಡೊಲಾಂಡಾಕ್ಕೆ ಆಮೇಲೆ ಹೋಗಿ, ಆಗ ಕಪ್ಪು ಮಣ್ಣಿನಲ್ಲಿ ಕಾಣುವ ಗೆರೆಗಳ ಅರ್ಥ ನಿಮಗೇ ತಿಳಿಯುತ್ತದೆ. ಕೆಲಸದಲ್ಲಿದ್ದು, ಎರಡು ವಾರದ ರಜೆಯಷ್ಟೇ ಸಿಗುವವರು, ಒಮ್ಮೆಯಾದರೂ ರೋಮನ್ನರ ದಿನಬಳಕೆಯ ವಸ್ತು ಮುಟ್ಟಬೇಕು ಅನ್ನುವವರು ನೇರ ವಿಂಡೊಲಾಂಡಾಕ್ಕೇ ಹೋಗಲಿ. ಅಲ್ಲಿ ಜಾಗ ಬೇಗ ಭರ್ತಿಯಾಗುತ್ತದೆ, ಹಿಂದಿನ ವರ್ಷದ ಕೊನೆಯಲ್ಲೇ ಹೆಸರು ಕೊಡಬೇಕು. ಮೆನೋರ್ಕಾಕ್ಕೆ ಶೆಂಗೆನ್ ವೀಸಾ ಬೇಕು, ಅದಕ್ಕೂ ತಿಂಗಳುಗಳ ಮುಂಚೆ ಓಡಾಡಿ. ಎಲ್ಲಿಗೇ ಹೋದರೂ 4 ಇಂಚಿನ ಒಳ್ಳೆ ಕರಣೆ, ಮೊಣಕಾಲಿಗೆ ದಪ್ಪ ಪ್ಯಾಡ್ ನಿಮ್ಮದೇ ಇರಲಿ.